ಉಗುಳುವ ಬಾಯಿಗೆ ಗಾಳ: ಕೆರೆಯಂಚಿನಲ್ಲಿ ಗೆಂಡೆಗಾಗಿ ಒಂದು ರಾತ್ರಿ

ಸಾಮಾನ್ಯ ಗೆಂಡೆಗೆ ಜಠರವಿಲ್ಲ. ಅನ್ನನಾಳ ನೇರವಾಗಿ ಕರುಳಿಗೇ ಸೇರುತ್ತದೆ. ಹಾಗಾಗಿ ಒಂದೇ ಸಲ ಹೊಟ್ಟೆ ತುಂಬಿಸಿಕೊಂಡು ಸುಮ್ಮನಿರಲು ಈ ಮೀನಿಗೆ ಆಗದು. ಸ್ವಲ್ಪ ಸ್ವಲ್ಪವೇ ಮೇಯುತ್ತಿರಬೇಕು. ಹಗಲು ಜನರ ಓಡಾಟಕ್ಕೆ ಅಂಜಿ ದೂರ ಸರಿದ ದೊಡ್ಡ ಗೆಂಡೆಗಳು ಕತ್ತಲು ಕವಿದ ಮೇಲೆ ದಡದತ್ತ ಬರುತ್ತವೆ, ಎಷ್ಟೋ ಬಾರಿ ಮೊಣಕಾಲುದ್ದದ ನೀರಿಗೂ. ರಾತ್ರಿಯಿಡೀ ಗಾಳ ಹಾಕಿ ಕಾಯುವವರು ನೆಚ್ಚಿಕೊಂಡಿರುವುದು ಇದನ್ನೇ. ಆದರೆ ಆ ರಾತ್ರಿಯ ಕೆಲಸದಲ್ಲಿ ಬಹುಪಾಲು ಬೆಳಕಿರುವಾಗಲೇ ಮುಗಿದಿರಬೇಕು. ರಾತ್ರಿ ಗಾಳಕ್ಕೆ ಆ ಕೆರೆಯಲ್ಲಿ ಅನುಮತಿ ಇದೆಯೇ ಎಂದು ಕೇಳಿಕೊಳ್ಳುವುದೂ ಸೇರಿದಂತೆ.

ಮೊದಲ ಪ್ರಶ್ನೆ, ಯಾವ ದಡ? ಬೆಚ್ಚಗಿನ ಗಾಳಿ ಒಂದೇ ದಿಕ್ಕಿಗೆ ಬೀಸುತ್ತಿದ್ದರೆ ಅದು ಬಂದು ಬಡಿಯುವ ದಡವನ್ನೇ ಆರಿಸಿ. ಮೇಲ್ಪದರದ ಬಿಸಿ ನೀರು, ತೇಲುವ ಆಹಾರ, ಅಲೆ ಕಲಕಿದ ಆಮ್ಲಜನಕ ಎಲ್ಲವೂ ಅಲ್ಲಿ ಸೇರುತ್ತವೆ. ಆಳ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಬೇಸಿಗೆಯಲ್ಲಿ ಕೈಕೊಡುತ್ತದೆ. ಆಳದ ಕೆರೆಗಳಲ್ಲಿ ಬಿಸಿ ನೀರು ಮೇಲೆ, ತಣ್ಣನೆಯದು ಕೆಳಗೆ ಎಂದು ಪದರಗಳಾಗುತ್ತವೆ. ಎರಡೂ ಬೆರೆಯದ ಕಾರಣ ತಳದ ನೀರಿನಲ್ಲಿ ಆಮ್ಲಜನಕ ತೀರಿಹೋಗುತ್ತದೆ. ಅಲ್ಲಿಗೆ ಬಿದ್ದ ಎರೆ ಬೆಳಗಿನವರೆಗೂ ಹಾಗೇ ಇರುತ್ತದೆ.

ಕೆರೆಯ ತಳ ಕಣ್ಣಿಗೆ ಕಾಣದು, ಬೆರಳಿಗೆ ತಿಳಿಯುತ್ತದೆ. ಗಾಳವಿಲ್ಲದ ಸೀಸದ ಗುಂಡನ್ನು ಎಸೆದು, ದಾರ ಬಿಗಿಹಿಡಿದು, ನಿಧಾನವಾಗಿ ಎಳೆಯಿರಿ. ಕೋಲಿನ ತುದಿ ಟಕಟಕ ಕುಟ್ಟಿದರೆ ಗರಸು. ನಯವಾಗಿ ಜಾರಿ ಬಂದರೆ ಗಟ್ಟಿ ಮಣ್ಣು ಅಥವಾ ಮರಳು. ಮೊದಲು ಕಚ್ಚಿಕೊಂಡು ಆಮೇಲೆ ಭಾರವಾಗಿ ಬಂದರೆ ಹೂಳು. ಸಿಕ್ಕಿ ಸಿಕ್ಕಿ ಬಿಟ್ಟರೆ ಜೊಂಡು. ಜೊಂಡಿನ ನಡುವೆ ಗಟ್ಟಿ ನೆಲದ ಒಂದು ಚಾಪೆಯಗಲ ಜಾಗ ಸಿಕ್ಕರೂ ಸಾಕು, ಮೀನು ಮೇದು ಮೇದೇ ಅದು ಸ್ವಚ್ಛವಾಗಿರುವ ಸಾಧ್ಯತೆ ಹೆಚ್ಚು.

ಅದೇ ಜಾಗಕ್ಕೆ ನಡುರಾತ್ರಿ ಮತ್ತೆ ಎಸೆಯುವುದು ಹೇಗೆ? ಗುಂಡು ಅಲ್ಲಿದ್ದಾಗಲೇ ದಾರವನ್ನು ರೀಲಿನ ಕ್ಲಿಪ್ಪಿಗೆ ಸಿಕ್ಕಿಸಿ, ವಾಪಸ್ ಎಳೆದುಕೊಂಡು, 12 ಅಡಿ ಅಂತರದಲ್ಲಿ ನೆಟ್ಟ ಎರಡು ಕೋಲುಗಳ ನಡುವೆ ದಾರ ಸುತ್ತುತ್ತ ಎಣಿಸಿ. ಹದಿನೈದು ಸುತ್ತು ಎಂದರೆ 180 ಅಡಿ. ಆ ಸಂಖ್ಯೆ ಬರೆದಿಟ್ಟುಕೊಂಡರೆ ಕತ್ತಲಲ್ಲೂ ಅಷ್ಟೇ ದೂರ ಎಸೆಯಬಹುದು; ದಿಕ್ಕಿಗೆ ಆಕಾಶದ ಅಂಚಿನಲ್ಲಿ ಕಾಣುವ ಮರವೊಂದನ್ನು ಗುರುತಿಟ್ಟುಕೊಳ್ಳಿ. ಎಸೆದ ಮೇಲೆ ದಾರವನ್ನು ಕ್ಲಿಪ್ಪಿನಿಂದ ಬಿಡಿಸಲು ಮರೆತರೆ ಮಾತ್ರ ಕೆಟ್ಟಿತು. ಮೀನು ಓಡಿದಾಗ ಬಿಚ್ಚಿಕೊಳ್ಳಲು ದಾರವಿಲ್ಲದೆ ಕೋಲು ನೀರಿಗೆ ಹೋಗುತ್ತದೆ, ಇಲ್ಲವೇ ದಾರ ಹರಿಯುತ್ತದೆ.

ಈಗ ಬಾಯಿಯ ವಿಷಯ. ಗೆಂಡೆಯ ದವಡೆಯಲ್ಲಿ ಒಂದೂ ಹಲ್ಲಿಲ್ಲ. ತುಟಿಯನ್ನು ಕೊಳವೆಯಂತೆ ಮುಂದೆ ಚಾಚಿ ಮಣ್ಣು, ಕಸ, ಹುಳು ಎಲ್ಲವನ್ನೂ ಒಟ್ಟಿಗೆ ಹೀರುತ್ತದೆ. ಬಾಯಿಯ ಮೇಲ್ಛಾವಣಿಯಲ್ಲಿ ರುಚಿಮೊಗ್ಗುಗಳು ಕಿಕ್ಕಿರಿದ ಮೆತ್ತನೆಯ ಮಾಂಸಲ ಅಂಗವೊಂದಿದೆ. ಮೊರದಲ್ಲಿ ಕೇರಿದ ಹಾಗೆ, ಅದು ತಿನ್ನುವುದನ್ನು ಒತ್ತಿ ಹಿಡಿದು ಮಿಕ್ಕದ್ದನ್ನು ಕಿವಿರಿನಿಂದಲೋ ಬಾಯಿಂದಲೋ ಆಚೆ ಬಿಡುತ್ತದೆ. ಉಳಿದದ್ದು ಗಂಟಲಿನ ಹಲ್ಲುಗಳಿಗೆ ಹೋಗುತ್ತದೆ. ಬಸವನಹುಳುವಿನ ಚಿಪ್ಪನ್ನೂ ಪುಡಿ ಮಾಡಬಲ್ಲ ಅಗಲವಾದ ಹಲ್ಲುಗಳು ಅವು. ಅನುಮಾನ ಬಂದದ್ದನ್ನು ಮೀನು ಕ್ಷಣಾರ್ಧದಲ್ಲಿ ಉಗುಳುತ್ತದೆ. ಗಾಳವನ್ನು ಹಿಟ್ಟಿನೊಳಗೆ ಹುದುಗಿಸಿ ಕಾಯುವವರಿಗೆ ದಡದಲ್ಲಿ ಏನೂ ಗೊತ್ತಾಗದೇ ಎರೆ ಒಳಹೋಗಿ ಹೊರಬರುವುದು ಇದರಿಂದಲೇ.

1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲೆನ್ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎರೆಯನ್ನು ಗಾಳದಿಂದ ಹೊರಗೆ, ಕೂದಲಿನಷ್ಟು ತೆಳುವಾದ ಎಳೆಯಲ್ಲಿ ತೂಗುಬಿಟ್ಟರು. ಗಾಳ ಬರಿದು. ಮೀನು ಹೀರಿದಾಗ ಎರೆಯ ಹಿಂದೆಯೇ ಗಾಳವೂ ಒಳಗೆ. ಉಗುಳಿದಾಗ ಎರೆ ಮುಂದಾಗಿ ಹೊರಬಂದು, ಹಿಂದೆ ಬರುವ ಗಾಳದ ಮೊನೆ ಕೆಳತುಟಿಗೆ ತಗಲುತ್ತದೆ. ಉಗುಳುವ ಅಭ್ಯಾಸವೇ ಮೀನನ್ನು ಹಿಡಿಸಿಕೊಡುತ್ತದೆ. ಗೆಂಡೆ ಗಾಳದಲ್ಲಿ ಇದಕ್ಕಿಂತ ದೊಡ್ಡ ಹೊಳಹು ಇನ್ನೊಂದಿಲ್ಲ.

ಕಟ್ಟುವ ಬಗೆ ಹೀಗೆ. ಸುಮಾರು 30 ಸೆಂ.ಮೀ. ಹೆಣೆದ ದಾರದ ತುದಿಗೆ ಪುಟ್ಟ ಕುಣಿಕೆ ಹಾಕಿ, ಸೂಜಿಯಿಂದ ಎರೆ ಪೋಣಿಸಿ. ಇನ್ನೊಂದು ತುದಿಯನ್ನು 6 ಅಥವಾ 8ನೇ ಅಳತೆಯ ಗಾಳದ ಕಣ್ಣಿನೊಳಗೆ ಬೆನ್ನಿನ ಕಡೆಯಿಂದ ತೂರಿಸಿ. ಎರೆ ಗಾಳದ ಬಾಗಿನಿಂದ 5-8 ಮಿ.ಮೀ. ಕೆಳಗೆ ನೇತಾಡುವಂತೆ ಹಿಡಿದು, ಗಾಳದ ಕಾಂಡ ಮತ್ತು ಎಳೆ ಎರಡರ ಮೇಲೂ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ. ಕೊನೆಗೆ ಮತ್ತೆ ಬೆನ್ನಿನ ಕಡೆಯಿಂದಲೇ ಕಣ್ಣೊಳಗೆ ತೂರಿಸಿ. ಎದುರಿನಿಂದ ತೂರಿಸಿದರೆ ಎಳೆತ ಬಿದ್ದಾಗ ಮೊನೆ ಒಳಕ್ಕೆ ತಿರುಗುವುದಿಲ್ಲ, ತುಟಿಯ ಮೇಲೆ ಜಾರಿಹೋಗುತ್ತದೆ. ಎಳೆ ತೀರಾ ಗಿಡ್ಡವಾದರೆ ಎರೆ ಮೊನೆಯನ್ನು ಮುಚ್ಚುತ್ತದೆ. ಉದ್ದವಾದರೆ ಎರೆ ಒಳಗೆ, ಗಾಳ ಹೊರಗೆ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ: ಗೀರಿ ನಿಂತರೆ ಸರಿ, ಜಾರಿದರೆ ಎಸೆದು ಹೊಸದನ್ನು ಕಟ್ಟಿ.

ಇದಕ್ಕೆ ಜೊತೆ 85ರಿಂದ 110 ಗ್ರಾಂ ತೂಕದ ಸೀಸ. ಚುಚ್ಚಿದ ಮೊನೆಗೆ ಬೆದರಿ ಮೀನು ಓಡಿದಾಗ ಆ ಭಾರವೇ ಗಾಳವನ್ನು ನಾಟಿಸುತ್ತದೆ. ಸೀಸವನ್ನು ಎಂದೂ ದಾರಕ್ಕೆ ಗಂಟು ಹಾಕಬೇಡಿ. ದಾರ ಹರಿದರೆ ಮೀನು ಅದನ್ನು ಹೊತ್ತು ತಿರುಗಿ ಜೊಂಡಿನಲ್ಲಿ ಸಿಕ್ಕಿ ಸಾಯುತ್ತದೆ. ಎಳೆದರೆ ಕಳಚುವ ಕ್ಲಿಪ್ ಇರಲೇಬೇಕು.

ಎರೆಗೆ ಆರು ಮೊಟ್ಟೆ, ಸುಮಾರು 500 ಗ್ರಾಂ ಒಣ ಹಿಟ್ಟು. ಅರ್ಧ ರವೆ, ಅರ್ಧ ಸೋಯಾ. ಮೊಟ್ಟೆ ಕದಡಿ, ಹಿಟ್ಟನ್ನು ಸ್ವಲ್ಪಸ್ವಲ್ಪವೇ ಸೇರಿಸಿ ನಾದಿ, 15 ಮಿ.ಮೀ. ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಬೇಯಿಸಿ, ಬಟ್ಟೆಯ ಮೇಲೆ ಒಂದು ದಿನ ಆರಿಸಿ. ಒಮ್ಮೆಗೇ ತುಂಬ ಉಂಡೆ ಹಾಕಿದರೆ ಕುದಿ ನಿಂತು ಅಂಟಿಕೊಳ್ಳುತ್ತವೆ. ಹೆಚ್ಚು ಬೆಂದರೆ ಹೊರಪದರ ಗಟ್ಟಿಯಾಗಿ ಒಳಗಿನ ರುಚಿ ನೀರಿಗೆ ಬಿಡುವುದಿಲ್ಲ. ಮೆಕ್ಕೆಜೋಳವಾದರೆ 24 ಗಂಟೆ ನೆನೆಸಿ, ಅರ್ಧ ಗಂಟೆಗೂ ಹೆಚ್ಚು ಬೇಯಿಸಿ. ಒಣ ಕಾಳನ್ನು ಕೆರೆಗೆ ಎಸೆಯಬೇಡಿ. ಮೊದಲಿಗೆ ಹದಿನೈದು ಇಪ್ಪತ್ತು ಉಂಡೆ, ಒಂದು ಹಿಡಿ ಜೋಳ ಚೆಲ್ಲಿದರೆ ಸಾಕು. ಹಾಕಿದ್ದನ್ನು ವಾಪಸ್ ತೆಗೆಯಲಾಗದು.

ಗೆಂಡೆಯ ಗಾಳಿಚೀಲ ಸಣ್ಣ ಮೂಳೆಗಳ ಸರಪಳಿಯಿಂದ ಒಳಕಿವಿಗೆ ಜೋಡಣೆಯಾಗಿದೆ. ಅದರ ಕೇಳ್ಮೆ ಬಹಳ ಚುರುಕು. ಗೂಟ ಹೊಡೆಯುವುದು, ಪೆಟ್ಟಿಗೆ ಎಳೆದಾಡುವುದು ಸಂಜೆಗೆ ಮೊದಲೇ ಮುಗಿಯಲಿ. ಕೆಂಪು ದೀಪ ಮೀನಿಗೆ ಕಾಣದು ಎನ್ನುವುದು ತಪ್ಪು, ಗೆಂಡೆಯ ಕಣ್ಣು ಕೆಂಪನ್ನು ಚೆನ್ನಾಗಿಯೇ ಗುರುತಿಸುತ್ತದೆ. ಕತ್ತಲಿಗೆ ಹೊಂದಿಕೊಂಡ ನಮ್ಮ ಕಣ್ಣನ್ನು ಉಳಿಸುವುದಷ್ಟೇ ಅದರ ಉಪಯೋಗ. ನೀರಿನ ಮೇಲಂತೂ ಯಾವ ಬೆಳಕನ್ನೂ ಹಾಯಿಸಬಾರದು.

ದಾರ ಅಲುಗಿದರೆ ಕೂಗುವ ವಿದ್ಯುತ್ ಎಚ್ಚರಿಕೆ ಗಂಟೆಯನ್ನು ರೂಪಿಸಿದವರಲ್ಲಿ ಇಂಗ್ಲೆಂಡಿನ ಗಾಳಗಾರ ರಿಚರ್ಡ್ ವಾಕರ್ ಮೊದಲಿಗರು. 1952ರಲ್ಲಿ ರೆಡ್‌ಮೈರ್ ಕೊಳದಲ್ಲಿ 44 ಪೌಂಡ್, ಅಂದರೆ ಸುಮಾರು 20 ಕಿಲೋ ತೂಕದ ಗೆಂಡೆ ಹಿಡಿದವರೂ ಅವರೇ. ಗಂಟೆಯ ಭಾಷೆ ಕಲಿಯಬೇಕು. ಬಿಡದೆ ಕೂಗಿದರೆ ಓಟ. ಒಂದೆರಡು ಬಾರಿ ಮಾತ್ರ ಕೂಗಿ ನಿಂತರೆ ಮೀನಿನ ಮೈ ದಾರಕ್ಕೆ ತಗಲಿರಬಹುದು, ಕೋಲು ಎತ್ತಬೇಡಿ. ದಡದಲ್ಲೇ, ಗಂಟೆ ಮತ್ತು ರೀಲಿನ ನಡುವೆ ದಾರಕ್ಕೆ ತೂಗುಬಿಟ್ಟ ಪುಟ್ಟ ಗುಂಡು ದಿಢೀರನೆ ಕೆಳಗಿಳಿದರೆ ಮೀನು ನಿಮ್ಮ ಕಡೆಗೇ ಬರುತ್ತಿದೆ. ಬೇಗ ದಾರ ಸುತ್ತಿಕೊಳ್ಳಿ.

ಮೀನು ಹತ್ತಿರವಾದಾಗ ಕೈಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು, ಮೀನನ್ನು ಅದರ ಮೇಲೆ ತನ್ನಿ. ಬಲೆಯಿಂದ ಅಟ್ಟಿಸಿಕೊಂಡು ಹೋದರೆ ಕೊನೆಯ ಜಿಗಿತದಲ್ಲಿ ತಪ್ಪಿಸಿಕೊಳ್ಳುತ್ತದೆ. ಎತ್ತುವಾಗ ಬಲೆಯ ಹಿಡಿಕೋಲನ್ನಲ್ಲ, ಅದರ ಬಾಯಿಯನ್ನು ಹಿಡಿಯಿರಿ. ಮೆತ್ತನೆಯ ಚಾಪೆಯನ್ನೂ ಕೈಯನ್ನೂ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಒಣ ಕೈ ಹುರುಪೆಯ ಮೇಲಿನ ಲೋಳೆಯನ್ನು ಕಿತ್ತರೆ ಸೋಂಕಿಗೆ ದಾರಿಯಾಗುತ್ತದೆ.

ನಸುಕಿನಲ್ಲಿ ಇನ್ನೂ ಜಾಗ್ರತೆ. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.6 ಮಾತ್ರ. ರಾತ್ರಿಯಿಡೀ ಜೊಂಡು, ಪಾಚಿ ಕೂಡ ಅದನ್ನೇ ಉಸಿರಾಡುವುದರಿಂದ ಸೂರ್ಯ ಹುಟ್ಟುವ ಮುನ್ನ ಮಟ್ಟ ತೀರಾ ಕೆಳಗಿರುತ್ತದೆ. ಆ ಹೊತ್ತಿನಲ್ಲಿ ಸಿಕ್ಕ ಮೀನನ್ನು ತೂಕ, ಫೋಟೊ ಎಂದು ಹೊರಗಿಟ್ಟುಕೊಳ್ಳದೆ, ಗಾಳ ಬಿಡಿಸಿ, ನೀರಿನಲ್ಲಿ ನೇರವಾಗಿ ಹಿಡಿದು, ತಾನಾಗಿ ಬಾಲ ಬೀಸಿ ಹೊರಡುವವರೆಗೂ ಆಸರೆ ಕೊಡಿ. ಬೇರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಕೋಲುಗಳನ್ನೆಲ್ಲ ಎತ್ತಿಬಿಡಿ. ದಣಿದ ಮೀನಿಗೆ ಚೇತರಿಸಿಕೊಳ್ಳಲು ಆ ನೀರಿನಲ್ಲಿ ಉಸಿರಿಲ್ಲ.