ಧರ್ಮದ ಅಧ್ಯಯನಕ್ಕೆ ವಿಕಾಸವಾದ ಹಾಕಿಕೊಟ್ಟ ದಾರಿ

1871ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಮಹತ್ವದ ಗ್ರಂಥಗಳು ಹೊರಬಂದವು: ಚಾರ್ಲ್ಸ್ ಡಾರ್ವಿನ್ನರ ‘ದಿ ಡಿಸೆಂಟ್ ಆಫ್ ಮ್ಯಾನ್’ ಮತ್ತು ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ಅವರ ‘ಪ್ರಿಮಿಟಿವ್ ಕಲ್ಚರ್’. ಮೊದಲನೆಯದು ಮನುಷ್ಯನ ದೇಹಕ್ಕೂ ಮನಸ್ಸಿಗೂ ಪ್ರಾಣಿಮೂಲವನ್ನು ಹುಡುಕಿದರೆ, ಎರಡನೆಯದು ಅವನ ದೇವರುಗಳಿಗೂ ಒಂದು ಇತಿಹಾಸವಿದೆ ಎಂದು ಹೇಳಿತು. ಧರ್ಮವನ್ನು ಸತ್ಯ, ಮಿಥ್ಯೆ ಎಂದು ವಿಂಗಡಿಸುವುದನ್ನು ಬಿಟ್ಟು, ಅದು ಹೇಗೆ ಹುಟ್ಟಿ ಬೆಳೆಯಿತು ಎಂದು ಕೇಳುವ ಧೈರ್ಯ ವಿದ್ವಾಂಸರಿಗೆ ಬಂದದ್ದು ಬಹುಮಟ್ಟಿಗೆ ಈ ವಾತಾವರಣದಲ್ಲಿಯೇ.

ಸತ್ತವರು ಕನಸಿನಲ್ಲಿ ಕಾಣಿಸಿಕೊಳ್ಳುವುದು, ಉಸಿರಾಡುವ ದೇಹಕ್ಕೂ ಶವಕ್ಕೂ ಇರುವ ವ್ಯತ್ಯಾಸ, ಇವುಗಳಿಂದ ಆದಿಮಾನವನು ಆತ್ಮವನ್ನು ಊಹಿಸಿಕೊಂಡನೆಂದೂ, ಅದೇ ಊಹೆ ಮುಂದೆ ಭೂತಗಳಾಗಿ, ಹಲವು ದೇವತೆಗಳಾಗಿ, ಕೊನೆಗೆ ಏಕದೇವನ ಕಲ್ಪನೆಯಾಗಿ ಬೆಳೆಯಿತೆಂದೂ ಟೈಲರ್ ವಾದಿಸಿದರು. ಆತ್ಮಗಳಲ್ಲಿನ ಈ ನಂಬಿಕೆಯನ್ನು ಅವರು ‘ಅನಿಮಿಸಂ’ ಎಂದು ಕರೆದರು. ಹಳೆಯ ಹಂತದ ಕುರುಹುಗಳು ಹೊಸ ಕಾಲದಲ್ಲೂ ಅರ್ಥ ಕಳೆದುಕೊಂಡು ಉಳಿದಿರುತ್ತವೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಸೀನು ಒಂದು. ಸೀನಿದವರನ್ನು ಹರಸುವ ರೂಢಿಯ ಹಿಂದೆ, ಆ ಕ್ಷಣದಲ್ಲಿ ಆತ್ಮವೊಂದು ದೇಹದೊಳಗೆ ಬರುತ್ತದೆ ಅಥವಾ ಹೊರಹೋಗುತ್ತದೆ ಎಂಬ ಪುರಾತನ ನಂಬಿಕೆಯನ್ನು ಅವರು ಕಂಡರು. ಮಗು ಸೀನಿದಾಗ ‘ಶತಾಯುಸ್ಸು’ ಎನ್ನುವ ನಮ್ಮ ಹಿರಿಯರ ಮಾತೂ ಈ ಸಾಲಿಗೇ ಸೇರುತ್ತದೆ.

ಆದರೆ ಟೈಲರ್ ಹೇಳಿದ ಈ ಬೆಳವಣಿಗೆ ಡಾರ್ವಿನ್ನರ ವಿಕಾಸವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಡಾರ್ವಿನ್ನರ ಚಿತ್ರ ಕವಲೊಡೆಯುವ ಮರದ್ದು. ಅಲ್ಲಿ ಪೂರ್ವನಿಶ್ಚಿತ ಗುರಿಯಿಲ್ಲ. ಟೈಲರ್ ಅವರದು ಮೆಟ್ಟಿಲುಗಳ ಸಾಲು. ತಮ್ಮ ಕೃತಿ ತನ್ನದೇ ದಾರಿಯಲ್ಲಿ ರೂಪುಗೊಂಡದ್ದೆಂದು 1873ರ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಅವರೇ ಬರೆದಿದ್ದಾರೆ. 1890ರಲ್ಲಿ ‘ದಿ ಗೋಲ್ಡನ್ ಬೋ’ ಪ್ರಕಟಿಸಿದ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಮುಂದೆ ಮಾಟ, ಧರ್ಮ, ವಿಜ್ಞಾನ ಎಂಬ ಮೂರು ಮೆಟ್ಟಿಲುಗಳನ್ನು ಗುರುತಿಸಿದರು. ಇದರ ದುಷ್ಪರಿಣಾಮ ಸಣ್ಣದಲ್ಲ: ಆಫ್ರಿಕ, ಆಸ್ಟ್ರೇಲಿಯಗಳ ಸಮಕಾಲೀನ ಜನರನ್ನು ಯುರೋಪಿನ ಗತಕಾಲದ ಜೀವಂತ ಮಾದರಿಗಳೆಂದು ಕಾಣುವುದು ವಿದ್ಯೆಯ ಹೆಸರಿನಲ್ಲೇ ಸಹಜವಾಗಿಬಿಟ್ಟಿತು.

1898ರಲ್ಲಿ ಸ್ಕಾಟ್ಲೆಂಡಿನ ಲೇಖಕ ಆಂಡ್ರ್ಯೂ ಲ್ಯಾಂಗ್, ಕೆಳಗಿನ ಮೆಟ್ಟಿಲಿನವರೆಂದು ಎಣಿಸಲಾಗಿದ್ದ ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲೇ ಪರಮದೇವನ ಕಲ್ಪನೆಯಿದೆಯೆಂದು ತೋರಿಸಿ ಈ ಕ್ರಮವನ್ನು ಪ್ರಶ್ನಿಸಿದರು. ಇನ್ನೂ ಆಳವಾದ ಉತ್ತರ ಬಂದದ್ದು ಕ್ಷೇತ್ರಕಾರ್ಯದಿಂದ. ಆಫ್ರಿಕದ ಅಜಾಂಡೆ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಕಂಬಗಳ ಮೇಲೆ ನಿಂತ ಕಣಜ ಕುಸಿಯುವ ಪ್ರಸಂಗವನ್ನು ವಿವರಿಸಿದರು. ಕಂಬವನ್ನು ಗೆದ್ದಲು ತಿಂದಿದೆ ಎಂಬುದು ಅಜಾಂಡೆಗಳಿಗೆ ಚೆನ್ನಾಗಿ ಗೊತ್ತು. ನೆರಳಿಗೆಂದು ಇಂಥವರೇ ಅದರಡಿ ಕೂತಿದ್ದಾಗಲೇ ಅದು ಏಕೆ ಬಿತ್ತು ಎಂಬುದಕ್ಕೆ ಮಾತ್ರ ಅವರು ಮಾಟವನ್ನು ಕಾರಣವಾಗಿ ಹೇಳುತ್ತಿದ್ದರು. ಅಂದರೆ ಮಾಟದ ನಂಬಿಕೆಯೂ ಕಾರ್ಯಕಾರಣದ ಅರಿವೂ ಒಂದೇ ಜನರಲ್ಲಿ ಜೊತೆಗಿದ್ದವು, ಒಂದರ ನಂತರ ಒಂದು ಬರುವ ಮೆಟ್ಟಿಲುಗಳಾಗಿರಲಿಲ್ಲ.