ವಿಮಾನ ದೂರ: ಚಕ್ಕೋತದ ಮೇಲೊಂದು ದಾರ

ತೀರ್ಥಹಳ್ಳಿಯ ನಮ್ಮತ್ತೆಗೆ ದೂರ ಅಂದರೆ ತಿರುವಿನ ಲೆಕ್ಕ. ಆಗುಂಬೆ ಘಾಟಿ ಎಷ್ಟುದ್ದ ಅಂತ ಕೇಳಿ, '14 ತಿರುವು' ಅಂತಾರೆ. ಅವರ ಮಗಳು ಇರೋದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೆಂಗಳೂರಿನಿಂದ ವಿಮಾನ ದೂರ ಸುಮಾರು 14,000 ಕಿ.ಮೀ. ಅಂತ ಮೊಬೈಲಿನಲ್ಲಿ ತೋರಿಸಿದೆ.

"ಅಳೆದವರು ಯಾರೋ? ಆಕಾಶದಲ್ಲೇನು ಮೈಲುಗಲ್ಲು ನೆಟ್ಟಿದಾರಾ?"

ಅಳೆದದ್ದಲ್ಲ, ಲೆಕ್ಕ ಹಾಕಿದ್ದು. ಎರಡೂ ಊರಿನ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು. ಭೂಮಿಯ ಮೈಮೇಲೆ ಅವೆರಡರ ನಡುವಿನ ಅತಿ ಹತ್ತಿರದ ದಾರಿ ಎಷ್ಟುದ್ದವೋ ಅದೇ ವಿಮಾನ ದೂರ. ಆ ದಾರಿ ಯಾವಾಗಲೂ ಒಂದು ಮಹಾವೃತ್ತದ ತುಂಡು. ಮಹಾವೃತ್ತ ಅಂದರೆ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ಸುತ್ತುಗೆರೆ.

ಇಷ್ಟು ಹೇಳಿದರೆ ಅತ್ತೆ ಒಪ್ಪಬೇಕಲ್ಲ. ಹಿತ್ತಲಿನಿಂದ ಒಂದು ಚಕ್ಕೋತ ತಂದೆ. ತೊಟ್ಟು ಉತ್ತರ ಧ್ರುವ. ನಡುವಿಗಿಂತ ಸ್ವಲ್ಪ ಮೇಲೆ ಒಂದು ಗುಂಡುಪಿನ್ನು, ಬೆಂಗಳೂರು. ಹೆಚ್ಚುಕಮ್ಮಿ ಹಿಂಬದಿಗೆ, ಇನ್ನೂ ಸ್ವಲ್ಪ ಮೇಲಕ್ಕೆ ಇನ್ನೊಂದು. ಹೂ ಕಟ್ಟುವ ದಾರವನ್ನು ಹಣ್ಣಿನ ಹೊಟ್ಟೆಯ ಮೇಲೆ ಸಡಿಲವಾಗಿ ಸುತ್ತಿ, ಮೆಲ್ಲಗೆ ಎಳೆದೆ. ಬಿಗಿಯಾಗುತ್ತಾ ಬಂದ ಹಾಗೆ ದಾರ ಮೇಲಕ್ಕೆ ಜಾರಿ ತೊಟ್ಟಿನ ಹತ್ತಿರ ಹೋಗಿ ನಿಂತಿತು.

"ಅಯ್ಯೋ, ಹಿಮದ ಮೇಲೆ ಹೋಗ್ಬೇಕಾ?"

ಹೌದು, ಸೈಬೀರಿಯದ ಕಡೆಯಿಂದ. ಗೋಡೆಗೆ ನೇತುಹಾಕುವ ನಕ್ಷೆಯಲ್ಲಿ ಇದೇ ದಾರಿ ಬಿಲ್ಲಿನ ಹಾಗೆ ಬಾಗಿ, ಸುಮ್ನೆ ಸುತ್ತುಬಳಸಿದಂತೆ ಕಾಣುತ್ತೆ. ತಪ್ಪು ನಕ್ಷೆಯದು. ಉಂಡೆಯನ್ನು ಚಪ್ಪಟೆ ಮಾಡುವಾಗ ಧ್ರುವದ ಕಡೆಯ ನೆಲವೆಲ್ಲ ಹಿಗ್ಗುತ್ತೆ. 1569ರಲ್ಲಿ ಮರ್ಕೇಟರ್ ಅನ್ನೋ ನಕ್ಷೆಗಾರ ಮಾಡಿದ ಮಾದರಿಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ಕಾಣುತ್ತೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ಆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ಹಾಗೇ ಹೋದರೆ ಸುಮಾರು 2,000 ಕಿ.ಮೀ. ಜಾಸ್ತಿ ಆಗುತ್ತೆ.

ಹಾಗಂತ ವಿಮಾನ ದಾರದ ಮೇಲೇ ಹಾರಲ್ಲ. ಗಾಳಿ ಬೆನ್ನಿಗಿದೆಯಾ ಎದುರಿಗಿದೆಯಾ ನೋಡಬೇಕು, ಯಾವ ದೇಶದ ಆಕಾಶ ಮುಚ್ಚಿದೆ ನೋಡಬೇಕು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತಲ್ವಾ, ಅದು ಧ್ರುವದ ಮೇಲೇ ಹಾದು ಬಂತು. ಹತ್ತಿರದ ದಾರಿ ಅಷ್ಟು ಮೇಲಕ್ಕೆ ಹೋಗೋದೇ ಇಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೋಗೆ 9 ಗಂಟೆಯ ಪ್ರಯಾಣ ಸುಮಾರು 13 ಗಂಟೆ ಆಯ್ತು. ವಿಮಾನ ದೂರ ಮಾತ್ರ ಒಂದು ಕಿಲೋಮೀಟರೂ ಹೆಚ್ಚಲಿಲ್ಲ.

ನಮ್ಮ ಶಿವಮೊಗ್ಗ–ಬೆಂಗಳೂರಿಗೆ ಈ ತಲೆನೋವಿಲ್ಲ. ರಸ್ತೆಯಲ್ಲಿ ಸುಮಾರು 300 ಕಿ.ಮೀ., ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಹಾರಿದರೆ ಸುಮಾರು 240. ಇಷ್ಟು ಚಿಕ್ಕ ದೂರಕ್ಕೆ ಭೂಮಿಯ ಬಾಗು ಲೆಕ್ಕಕ್ಕೇ ಬರಲ್ಲ.

ಅತ್ತೆ ಪಿನ್ನು ಕಿತ್ತು ಹಣ್ಣು ಸುಲಿದರು. ಬೆಂಗಳೂರಿನ ಮಗ್ಗುಲಿನ ತೊಳೆ ನನಗೆ ಕೊಟ್ಟು, ಆಚೆ ಮಗ್ಗುಲಿನದನ್ನು ತಾವಿಟ್ಟುಕೊಂಡರು.