86 ವರ್ಷ ಸೋತವರು ಗೆದ್ದಾಗ

2004ರ ಅಕ್ಟೋಬರ್ 27ರ ರಾತ್ರಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಪೂರ್ಣ ಚಂದ್ರಗ್ರಹಣ. ಕೆಳಗೆ ಬುಶ್ ಸ್ಟೇಡಿಯಂನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಪಿಚರ್ (ಚೆಂಡೆಸೆಯುವವ) ಕೀತ್ ಫೌಲ್ಕ್ ತನ್ನತ್ತ ಪುಟಿದು ಬಂದ ಚೆಂಡನ್ನು ಹಿಡಿದು, ಎದುರಾಳಿ ಓಡಿ ಮುಟ್ಟಬೇಕಿದ್ದ ಮೊದಲ ಬೇಸ್ ಕಡೆಗೆ ಕೆಲವು ಹೆಜ್ಜೆ ಓಡಿ, ಅಲ್ಲಿದ್ದ ಜೊತೆಗಾರನಿಗೆ ಮೆಲ್ಲಗೆ ಎಸೆದ. ಅಲ್ಲಿಗೆ ಏಳು ಪಂದ್ಯಗಳ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿಯಿತು. 4-0. ಬೇಸ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ 1918ರ ನಂತರ ಮೊದಲ ಸಲ ಬಾಸ್ಟನ್‌ಗೆ ಬಂತು.

ಊರು ಹುಚ್ಚೆದ್ದು ಕುಣಿದದ್ದರಲ್ಲಿ ಆಶ್ಚರ್ಯವಿಲ್ಲ. ಮೂರು ದಿನಗಳ ನಂತರ ನಡೆದ ಮೆರವಣಿಗೆಗೆ 30 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೆಂದು ನಗರಾಡಳಿತ ಅಂದಾಜಿಸಿತು. ಆಗ ಬಾಸ್ಟನ್ ನಗರದ ಜನಸಂಖ್ಯೆಯೇ 6 ಲಕ್ಷ ದಾಟಿರಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ಮೆರವಣಿಗೆಯಲ್ಲ. ಆ ದಿನಗಳಲ್ಲಿ ಬಾಸ್ಟನ್ ಸುತ್ತಲಿನ ನ್ಯೂ ಇಂಗ್ಲೆಂಡ್ ಪ್ರದೇಶದ ಎಷ್ಟೋ ಮಂದಿ ಸ್ಮಶಾನಗಳಿಗೆ ಹೋದರು. ಗೆಲುವನ್ನು ಕಾಣದೆ ತೀರಿಕೊಂಡ ಅಪ್ಪನ, ಅಜ್ಜಿಯ ಸಮಾಧಿಯ ಮೇಲೆ ರೆಡ್ ಸಾಕ್ಸ್ ಟೋಪಿ, ಬಾವುಟ, ಅಂದಿನ ಪತ್ರಿಕೆಯ ಪ್ರತಿ ಇಟ್ಟು ಬಂದರು. ತಾವು ಒಂದು ಚೆಂಡನ್ನೂ ಎಸೆಯದ ಆಟಕ್ಕಾಗಿ ಮನುಷ್ಯರು ಇಷ್ಟು ಆಳವಾಗಿ ಯಾಕೆ ಕಲಕಿಹೋಗುತ್ತಾರೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಗಂಭೀರವಾಗಿ ಕೇಳಿದ್ದಾರೆ. ಅದರಲ್ಲೂ ಬಾಸ್ಟನ್ ಅಭಿಮಾನಿಗಳನ್ನೇ ಮುಂದೆ ಕೂರಿಸಿಕೊಂಡು ಕೇಳಿದವರು ಹಲವರು.

ಮೊದಲು ಆ 86 ವರ್ಷಗಳ ಕಥೆ ಗೊತ್ತಿರಬೇಕು. 1919ರ ಕೊನೆಯಲ್ಲಿ ರೆಡ್ ಸಾಕ್ಸ್ ಮಾಲೀಕರು ಬೇಬ್ ರೂತ್ ಎಂಬ ಆಟಗಾರನನ್ನು ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ಮಾರಿದರು. ರೂತ್ ಬೇಸ್‌ಬಾಲ್‌ನ ದಂತಕಥೆಯಾದ, ಯಾಂಕೀಸ್ ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಗೆದ್ದಿತು, ಬಾಸ್ಟನ್ ಒಂದನ್ನೂ ಗೆಲ್ಲಲಿಲ್ಲ. ಇದಕ್ಕೆ ‘ಬ್ಯಾಂಬಿನೋ ಶಾಪ’ ಎಂಬ ಹೆಸರು ಅಂಟಿಕೊಂಡಿತು. ಬ್ಯಾಂಬಿನೋ ಅಂದರೆ ರೂತ್‌ನ ಅಡ್ಡಹೆಸರು.

ಶಾಪದ ಮಾತನ್ನು ಒಂದು ಸಣ್ಣ ಲೆಕ್ಕದಿಂದ ಪರೀಕ್ಷಿಸಬಹುದು. ಆಗ ಎರಡು ಲೀಗ್‌ಗಳಲ್ಲಿ ಒಟ್ಟು 16 ತಂಡಗಳಿದ್ದವು. 1960ರ ದಶಕದಿಂದ ಹೆಚ್ಚುತ್ತಾ ಹೋಗಿ 1998ಕ್ಕೆ 30 ಆದವು. ಪ್ರತಿ ವರ್ಷ ಎಲ್ಲ ತಂಡಗಳಿಗೂ ಗೆಲ್ಲುವ ಅವಕಾಶ ಸಮಾನ ಎಂದಿಟ್ಟುಕೊಂಡು ಗುಣಿಸುತ್ತಾ ಬಂದರೆ, ನಿರ್ದಿಷ್ಟ ತಂಡವೊಂದು 1919ರಿಂದ 2003ರವರೆಗೆ ಒಮ್ಮೆಯೂ ಗೆಲ್ಲದಿರುವ ಸಂಭವ ಸುಮಾರು ಶೇಕಡ 1 ಎಂದು ಬರುತ್ತದೆ. ಅಪರೂಪವೇ ಸರಿ. ಆದರೆ ಹಳೆಯ 16 ತಂಡಗಳಲ್ಲಿ ಯಾವುದಾದರೂ ಒಂದಕ್ಕೆ ಈ ಗತಿ ಬರುವ ಸಂಭವ ಹೆಚ್ಚುಕಡಿಮೆ ಆರರಲ್ಲಿ ಒಂದು. ಸಾಲದ್ದಕ್ಕೆ ಶಿಕಾಗೋದ ಎರಡು ತಂಡಗಳೂ ಇದೇ ಅವಸ್ಥೆಯಲ್ಲಿದ್ದವು. ವೈಟ್ ಸಾಕ್ಸ್ 1917ರ ನಂತರ ಗೆದ್ದದ್ದು 2005ರಲ್ಲಿ, ಕಬ್ಸ್ 1908ರ ನಂತರ ಗೆದ್ದದ್ದು 2016ರಲ್ಲಿ. ತಂಡದ ಆಡಳಿತದ ತಪ್ಪುಗಳು ಸೇರಿದರೆ ಶಾಪದ ಅಗತ್ಯವೇ ಬೀಳುವುದಿಲ್ಲ.

ಹಾಗಿದ್ದೂ ಬಾಸ್ಟನ್‌ನ ಜನ ಅದನ್ನು ನಂಬುವಂತೆ ಮಾಡಿದ್ದು ಸೋತ ಬಗೆ. 1946, 1967, 1975, 1986. ಈ ನಾಲ್ಕು ಸಲ ತಂಡ ವರ್ಲ್ಡ್ ಸೀರೀಸ್ ತಲುಪಿತು, ನಾಲ್ಕೂ ಸಲ ಸೋತದ್ದು ಕೊನೆಯ ಏಳನೇ ಪಂದ್ಯದಲ್ಲಿ. 1986ರಲ್ಲಂತೂ ಆರನೇ ಪಂದ್ಯದಲ್ಲೇ ಪ್ರಶಸ್ತಿ ಕೈಗೆ ಬರುವುದಿತ್ತು. ಗೆಲುವಿಗೆ ಒಂದೇ ಒಂದು ಸ್ಟ್ರೈಕ್ (ಎದುರಾಳಿ ಹೊಡೆಯಲಾಗದ ಎಸೆತ) ಬಾಕಿ ಇದ್ದಾಗ ಎದುರಾಳಿ ನ್ಯೂಯಾರ್ಕ್ ಮೆಟ್ಸ್ ಸಮ ಮಾಡಿಕೊಂಡಿತು. ಬೆನ್ನಿಗೇ ನೆಲದ ಮೇಲೆ ಉರುಳಿ ಬಂದ ಚೆಂಡು ಬಾಸ್ಟನ್‌ನ ಬಿಲ್ ಬಕ್‌ನರ್ ಕಾಲುಗಳ ನಡುವೆ ನುಸುಳಿಹೋಯಿತು, ಪಂದ್ಯವೂ ಹೋಯಿತು.

ಹೀಗೆ ಕೂದಲೆಳೆಯಲ್ಲಿ ತಪ್ಪುವ ಗೆಲುವು ಮಿದುಳಿಗೆ ಮಾಮೂಲಿ ಸೋಲಿನಂತೆ ಕಾಣುವುದಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಜೂಜಿನ ಯಂತ್ರದಂಥ ಆಟವನ್ನು ಆಡಿಸುತ್ತಾ ಜನರ ಮಿದುಳಿನ ಚಿತ್ರ ತೆಗೆದರು. ಸ್ವಲ್ಪದರಲ್ಲೇ ತಪ್ಪಿದಾಗ ಆಟಗಾರರಿಗೆ ಬೇಸರವಾಗುತ್ತಿತ್ತು, ಆದರೂ ಗೆದ್ದಾಗ ಚುರುಕಾಗುವ ಮಿದುಳಿನ ಕೆಲವು ಭಾಗಗಳು ಆಗಲೂ ಚುರುಕಾಗುತ್ತಿದ್ದವು. ಮತ್ತೆ ಆಡಬೇಕೆಂಬ ಆಸೆ ಕೆಲವು ಸಂದರ್ಭಗಳಲ್ಲಿ ಹೆಚ್ಚುತ್ತಿತ್ತು. ಪ್ರತಿ ವರ್ಷ ಕೊನೆಯ ಸ್ಥಾನಕ್ಕೆ ಬೀಳುವ ತಂಡವನ್ನು ಬಿಟ್ಟುಹೋಗುವುದು ಸುಲಭ. ಪ್ರತಿ ಸಲ ಹೊಸ್ತಿಲಲ್ಲಿ ಎಡವುವ ತಂಡವನ್ನು ಬಿಡಲು ಮನಸ್ಸೇ ಬಾರದು ಎಂಬುದಕ್ಕೆ ಇದು ಒಂದು ಕಾರಣ ಎಂದು ನನಗನ್ನಿಸುತ್ತದೆ.

ಇನ್ನು 2004ರ ಅಕ್ಟೋಬರ್. ವರ್ಲ್ಡ್ ಸೀರೀಸ್‌ಗೆ ಮುಂಚೆ ಲೀಗ್ ಚಾಂಪಿಯನ್‌ಶಿಪ್ ಗೆಲ್ಲಬೇಕು. ಎದುರಿಗೆ ಅದೇ ಯಾಂಕೀಸ್. ಏಳು ಪಂದ್ಯಗಳ ಸರಣಿಯಲ್ಲಿ ಬಾಸ್ಟನ್ ಮೊದಲ ಮೂರನ್ನೂ ಸೋತಿತು, ಮೂರನೆಯದನ್ನು 19-8ರಿಂದ. 0-3 ಹಿನ್ನಡೆಯಿಂದ ಎದ್ದು ಸರಣಿ ಗೆದ್ದ ತಂಡ ಮೇಜರ್ ಲೀಗ್ ಇತಿಹಾಸದಲ್ಲೇ ಇರಲಿಲ್ಲ. ಸಾಮಾನ್ಯವಾಗಿ ಒಂಬತ್ತು ಇನ್ನಿಂಗ್ಸ್‌ಗೆ ಮುಗಿಯುವ ಆಟದಲ್ಲಿ ನಾಲ್ಕನೇ ಪಂದ್ಯವನ್ನು 12 ಇನ್ನಿಂಗ್ಸ್‌ಗಳಲ್ಲಿ ಗೆದ್ದರು, ಐದನೆಯದನ್ನು 14ರಲ್ಲಿ. ಆರನೆಯದರಲ್ಲಿ ಗಾಯದ ಕಣಕಾಲಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಬಾಸ್ಟನ್ ಪಿಚರ್ ಕರ್ಟ್ ಶಿಲ್ಲಿಂಗ್‌ನ ಕಾಲುಚೀಲ ರಕ್ತದಿಂದ ತೊಯ್ದಿತ್ತು. ಏಳನೆಯದನ್ನು ಯಾಂಕೀಸ್ ಅಂಗಳದಲ್ಲೇ 10-3ರಿಂದ ಗೆದ್ದರು.

ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುವ ನರಕೋಶಗಳ ಬಗ್ಗೆ ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಇಲ್ಲಿ ನೆನೆಯಬೇಕು. ನಿರೀಕ್ಷೆಯಂತೆಯೇ ಬಂದ ಬಹುಮಾನಕ್ಕೆ ಆ ಕೋಶಗಳು ಹೆಚ್ಚೇನೂ ಸ್ಪಂದಿಸಲಿಲ್ಲ. ನಿರೀಕ್ಷೆಯೇ ಇಲ್ಲದೆ ಹಣ್ಣಿನ ರಸ ಸಿಕ್ಕಾಗ ಜೋರಾಗಿ ಮಿಡಿದವು. ಬರಬೇಕಾದ್ದು ಬಾರದಿದ್ದಾಗ ಮಂಕಾದವು. ಅಂದರೆ ಅವು ತಿಳಿಸುತ್ತಿದ್ದುದು ಬಹುಮಾನ ಎಷ್ಟು ದೊಡ್ಡದು ಎಂಬುದನ್ನಷ್ಟೇ ಅಲ್ಲ, ಲೆಕ್ಕಾಚಾರ ಎಷ್ಟು ತಪ್ಪಿತು ಎಂಬುದನ್ನು. ಸೋಲನ್ನೇ ನಿರೀಕ್ಷಿಸಲು 86 ವರ್ಷ ಕಲಿತ ಊರಿನಲ್ಲಿ, ಅದೂ 0-3 ಆದಮೇಲೆ ಬಂದ ಗೆಲುವು ಎಂಥ ಲೆಕ್ಕ ತಪ್ಪಿಸಿರಬೇಕು! ಈ ಸಂತೋಷ ಆಟದಾಚೆಗೂ ಹರಿಯುತ್ತದೆ. ಊರಿನ ತಂಡಗಳು ನಿರೀಕ್ಷೆ ಮೀರಿ ಆಡಿದ ದಿನಗಳ ಬೆನ್ನಿಗೆ ನ್ಯೂಯಾರ್ಕಿನಲ್ಲಿ ಲಾಟರಿ ಟಿಕೆಟ್‌ಗಳ ಮಾರಾಟ ಏರುವುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿತು.

ಯಾಂಕೀಸ್-ರೆಡ್ ಸಾಕ್ಸ್ ವೈರವನ್ನೇ ಪ್ರಯೋಗಾಲಯಕ್ಕೆ ತಂದವರು ಮನೋವಿಜ್ಞಾನಿ ಮೀನಾ ಚಿಕಾರಾ ಮತ್ತು ಸಂಗಡಿಗರು. 2011ರ ಅವರ ಅಧ್ಯಯನದಲ್ಲಿ ಎರಡೂ ತಂಡಗಳ ಕಟ್ಟಾ ಅಭಿಮಾನಿಗಳು ಸ್ಕ್ಯಾನರ್‌ನೊಳಗೆ ಮಲಗಿ ಬೇಸ್‌ಬಾಲ್ ಆಟದ ಸರಳ ಚಿತ್ರಣಗಳನ್ನು ನೋಡಿದರು. ತಮ್ಮ ತಂಡ ಗೆದ್ದಾಗ ಮಾತ್ರವಲ್ಲ, ವೈರಿ ತಂಡ ಬೇರೊಂದು ತಂಡದೆದುರು ಎಡವಿದಾಗಲೂ ಅವರಿಗೆ ಖುಷಿಯಾಯಿತು. ಸುಖದ ಅನುಭವದೊಂದಿಗೆ ತಳುಕು ಹಾಕಿಕೊಂಡಿರುವ ವೆಂಟ್ರಲ್ ಸ್ಟ್ರೈಯೇಟಮ್ ಎಂಬ ಭಾಗ ಆಗ ಚುರುಕಾಯಿತು. ವೈರಿಯ ಸೋಲಿಗೆ ಅಲ್ಲಿ ಹೆಚ್ಚು ಸ್ಪಂದನೆ ತೋರಿದವರೇ ವೈರಿ ಅಭಿಮಾನಿಗಳನ್ನು ಬೈಯುವ, ತಳ್ಳುವ, ಹೊಡೆಯುವ ಸಾಧ್ಯತೆ ತಮ್ಮಲ್ಲಿ ಹೆಚ್ಚೆಂದು ಒಪ್ಪಿಕೊಂಡರು. ಇದು ಸಣ್ಣ ಅಧ್ಯಯನ, ನಿಜ. ಆದರೂ ಸಂಭ್ರಮದ ಒಳಗೇ ಅದರ ಅಪಾಯವೂ ಕೂತಿರುತ್ತದೆ ಎಂಬ ಸುಳಿವು ಇದರಲ್ಲಿದೆ.

ದೇಹವೂ ತಂಡದ ಜೊತೆ ಆಡುತ್ತದೆ. 1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನೋಡಿದ ಅಭಿಮಾನಿಗಳ ಜೊಲ್ಲನ್ನು ಪರೀಕ್ಷಿಸಿದಾಗ, ಗೆದ್ದ ಬ್ರೆಜಿಲ್ ಪರ ಇದ್ದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಏರಿತ್ತು, ಸೋತ ಇಟಲಿಯ ಪರ ಇದ್ದವರಲ್ಲಿ ಇಳಿದಿತ್ತು. 2006ರ ವಿಶ್ವಕಪ್ ಸಮಯದಲ್ಲಿ ಮ್ಯೂನಿಕ್ ಪ್ರದೇಶದಲ್ಲಿ ಜರ್ಮನಿ ಆಡಿದ ದಿನಗಳಂದು ಹೃದಯದ ತುರ್ತು ಪ್ರಕರಣಗಳು ಎಂದಿಗಿಂತ 2.66 ಪಟ್ಟು ಆದವು. ಹೃದ್ರೋಗ ಇರುವವರು ಈ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ತಂಡ ಗೆದ್ದ ನಂತರದ ಸೋಮವಾರ ಅದರ ಬಟ್ಟೆ ತೊಟ್ಟು ಓಡಾಡುವುದನ್ನು ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ 1976ರಲ್ಲೇ ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ದಾಖಲಿಸಿದ್ದರು. ಪರರ ಕೀರ್ತಿಯ ಬಿಸಿಲು ಕಾಯಿಸಿಕೊಳ್ಳುವುದು ಎಂಬರ್ಥದ ಹೆಸರನ್ನೂ ಇಟ್ಟರು. ಉಪಯುಕ್ತ ಸಂಶೋಧನೆ, ಆದರೆ ಬಾಸ್ಟನ್ ವಿಷಯದಲ್ಲಿ ಇದು ಸಾಲದು. ಕೀರ್ತಿಯ ಬಿಸಿಲೇ ಬೇಕಿದ್ದರೆ 86 ವರ್ಷ ಮೋಡದಡಿ ಯಾರು ಕೂರುತ್ತಿದ್ದರು? ಸಮಾಧಿಯ ಮೇಲೆ ಟೋಪಿ ಇಟ್ಟವರಿಗೆ ಯಾರೆದುರೂ ಮೆರೆಯಬೇಕಿರಲಿಲ್ಲ.

ಇದಕ್ಕೆ ಹೆಚ್ಚು ಹತ್ತಿರ ಬರುವುದು ಮಾರ್ಥಾ ನ್ಯೂಸನ್, ಹಾರ್ವಿ ವೈಟ್‌ಹೌಸ್ ಮೊದಲಾದವರ ಕೆಲಸ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಹೆಚ್ಚು ಗೆದ್ದ ಮತ್ತು ಹೆಚ್ಚು ಸೋತ ಫುಟ್‌ಬಾಲ್ ಕ್ಲಬ್‌ಗಳ ಅಭಿಮಾನಿಗಳನ್ನು ಅವರು ಹೋಲಿಸಿ ನೋಡಿದರು. ಪರಸ್ಪರ ಬಿಗಿಯಾಗಿ ಬೆಸೆದುಕೊಂಡವರು, ಒಬ್ಬರಿಗಾಗಿ ಇನ್ನೊಬ್ಬರು ತ್ಯಾಗಕ್ಕೂ ಸಿದ್ಧ ಎಂದವರು ಸೋಲುವ ಕ್ಲಬ್‌ಗಳ ಕಡೆಯಲ್ಲೇ ಹೆಚ್ಚು. ಒಟ್ಟಿಗೆ ಉಂಡ ನೋವು ಜನರನ್ನು ಬೆಸೆಯುತ್ತದೆ ಎಂಬುದು ಅವರ ವಾದ. ಸೋಲುವ ಕ್ಲಬ್ಬಿನಿಂದ ಅರೆಮನಸ್ಸಿನವರೆಲ್ಲ ಮೊದಲೇ ಜಾರಿಕೊಂಡು ಗಟ್ಟಿಗರಷ್ಟೇ ಉಳಿದಿರಬಹುದಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡೂ ಕೂಡಿಯೇ ಕೆಲಸ ಮಾಡುತ್ತಿರಬಹುದು. ಆದರೆ ಬಾಸ್ಟನ್‌ನಲ್ಲಿ ತಂಡದ ಮೇಲಿನ ಪ್ರೀತಿ ಅಪ್ಪನಿಂದ ಮಗಳಿಗೆ, ಅಜ್ಜಿಯಿಂದ ಮೊಮ್ಮಗನಿಗೆ ಮನೆಯೊಳಗೇ ದಾಟಿ ಬಂದದ್ದು. 1946ರ ಸೋಲನ್ನು ಕಂಡವರು 1986ರ ಸೋಲನ್ನು ಮಕ್ಕಳ ಪಕ್ಕದಲ್ಲಿ ಕೂತು ಕಂಡರು. ಅಷ್ಟು ಕಾಲ ಜೊತೆಗೆ ಕೂತವರಲ್ಲಿ ಒಬ್ಬರು ಗೆಲುವಿನ ದಿನ ಇಲ್ಲವೆಂದರೆ, ಆ ಗೆಲುವು ಅವರ ಬಳಿ ಹೋಗಲೇಬೇಕು. ಅಂದಿನ ಕಣ್ಣೀರಿಗೆ ನಾನು ಕೊಡುವ ವಿವರಣೆ ಇದು.

ಗುಂಪಿನ ಮಾತು ಬಂದಾಗ ಇನ್ನೊಂದನ್ನು ಮುಚ್ಚಿಡುವಂತಿಲ್ಲ. ಯಾಂಕೀಸ್ ವಿರುದ್ಧ ಗೆದ್ದ ರಾತ್ರಿ ರೆಡ್ ಸಾಕ್ಸ್‌ನ ತವರು ಅಂಗಳ ಫೆನ್‌ವೇ ಪಾರ್ಕ್ ಹೊರಗೆ ಗುಂಪು ಚದುರಿಸಲು ಪೊಲೀಸರು ಹಾರಿಸಿದ ಮೆಣಸಿನ ಗುಂಡು ತಗುಲಿ 21 ವರ್ಷದ ವಿದ್ಯಾರ್ಥಿನಿಯೊಬ್ಬಳು ಸತ್ತಳು. ನಮ್ಮ ಗಾಯ ಇನ್ನೂ ಹಸಿ. ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಕೂಗಿದ ಆರ್‌ಸಿಬಿ ಅಭಿಮಾನಿಗಳ ಪಾಲಿಗೆ 2025ರ ಜೂನ್ 3ರಂದು ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಇಂಥ ಸಾವುಗಳಿಗೆ ಅಭಿಮಾನದ ಹುಚ್ಚು ಕಾರಣ ಎನ್ನುವವರಿದ್ದಾರೆ. ಗುಂಪುಗಳನ್ನು ಅಭ್ಯಸಿಸುವ ವಿಜ್ಞಾನ ಹಾಗೆ ಹೇಳುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಜನ ತುಂಬಿದರೆ ಯಾರಿಗೂ ತಮ್ಮ ಹೆಜ್ಜೆಯ ಮೇಲೆ ಹಿಡಿತವಿರುವುದಿಲ್ಲ. ಗುಂಪು ದ್ರವದಂತೆ ಓಲಾಡತೊಡಗುತ್ತದೆ. ಭೌತವಿಜ್ಞಾನಿ ಡೆನಿಸ್ ಬಾರ್ಟೋಲೊ ಅವರ ತಂಡ ಸ್ಪೇನಿನ ಪಾಂಪ್ಲೋನಾ ಉತ್ಸವದ ಜನಸಂದಣಿಯಲ್ಲಿ ಈ ಓಲಾಟವನ್ನು ಅಳೆದು, ಅದು ಸುಮಾರು 18 ಸೆಕೆಂಡಿಗೊಮ್ಮೆ ಸುತ್ತಿ ಬರುವುದನ್ನು 2025ರಲ್ಲಿ ಪ್ರಕಟಿಸಿತು. ಯಾರೂ ಬೇಕೆಂದು ತಳ್ಳದಿದ್ದರೂ ಹುಟ್ಟುವ ಚಲನೆ ಅದು. ಹಿಂದಿದ್ದವರಿಗೆ ಮುಂದೇನಾಗುತ್ತಿದೆ ಎಂದು ಕಾಣುವುದಿಲ್ಲ, ಮುಂದಿದ್ದವರ ಎದೆಗೂಡಿಗೆ ಹಿಗ್ಗಲು ಜಾಗವಿಲ್ಲದೆ ಉಸಿರು ನಿಲ್ಲುತ್ತದೆ. ಎಷ್ಟೋ ಜನ ನಿಂತಲ್ಲೇ ಸಾಯುತ್ತಾರೆ. ಇದನ್ನು ತಡೆಯುವ ಕೆಲಸವೆಲ್ಲ ಜನ ಸೇರುವ ಮುಂಚೆಯೇ ಆಗಬೇಕು: ಎಷ್ಟು ಮಂದಿ, ಯಾವ ದಾರಿ, ಯಾವ ಗೇಟು, ಯಾವ ಹೊತ್ತು.

ಗೆಲುವಿನ ನೆನಪು ಎಷ್ಟು ಕಾಲ ಬಾಳುತ್ತದೆ? ಕ್ಯಾರೊಲಿನ್ ಬ್ರೆಸ್ಲಿನ್ ಮತ್ತು ಮಾರ್ಟಿನ್ ಸೇಫರ್ ರೆಡ್ ಸಾಕ್ಸ್ ಮತ್ತು ಯಾಂಕೀಸ್ ಕಡೆಯ 1,563 ಅಭಿಮಾನಿಗಳನ್ನು ಎರಡು ನಿರ್ಣಾಯಕ ಪಂದ್ಯಗಳ ಬಗ್ಗೆ ಪ್ರಶ್ನಿಸಿದರು. 2003ರಲ್ಲಿ ಗೆದ್ದದ್ದು ಯಾಂಕೀಸ್, 2004ರಲ್ಲಿ ರೆಡ್ ಸಾಕ್ಸ್. ಎರಡೂ ಕಡೆಯವರು ತಾವು ಗೆದ್ದ ಪಂದ್ಯದ ವಿವರಗಳನ್ನೇ ಹೆಚ್ಚು ನಿಖರವಾಗಿ ಹೇಳಿದರು. ಕಾರಣವೂ ಅವರ ಉತ್ತರಗಳಲ್ಲೇ ಇತ್ತು: ಗೆದ್ದ ಪಂದ್ಯವನ್ನು ಮತ್ತೆ ಮತ್ತೆ ಮೆಲುಕು ಹಾಕಿದ್ದರು. ಗೆಲುವು ಹಳೆಯ ಸೋಲುಗಳ ಬಣ್ಣವನ್ನೂ ಬದಲಿಸಿತು. ವರ್ಷಗಟ್ಟಲೆ ನಿಂದನೆ ಉಂಡ ಬಿಲ್ ಬಕ್‌ನರ್ 2008ರ ಏಪ್ರಿಲ್‌ನಲ್ಲಿ ಮೊದಲ ಚೆಂಡು ಎಸೆಯಲು ಫೆನ್‌ವೇಗೆ ಬಂದಾಗ ಇಡೀ ಅಂಗಳ ಎದ್ದು ನಿಂತು ಚಪ್ಪಾಳೆ ತಟ್ಟಿತು, ಆತನ ಕಣ್ಣು ತುಂಬಿತು.

ರೆಡ್ ಸಾಕ್ಸ್ ಆಮೇಲೆ 2007, 2013, 2018ರಲ್ಲೂ ಗೆದ್ದಿತು. ಆದರೂ ಬಾಸ್ಟನ್‌ನವರು ಎಲ್ಲಕ್ಕಿಂತ ಹೆಚ್ಚು ಹೇಳಿಕೊಳ್ಳುವ ಕ್ಷಣ ಯಾವ ಫೈನಲ್‌ನದೂ ಅಲ್ಲ. 2004ರ ಅಕ್ಟೋಬರ್ 17, ಯಾಂಕೀಸ್ ಎದುರಿನ ನಾಲ್ಕನೇ ಪಂದ್ಯ, ಒಂಬತ್ತನೇ ಇನ್ನಿಂಗ್ಸ್. ಬಾಸ್ಟನ್ 3-4ರಿಂದ ಹಿಂದಿತ್ತು, ಸೋತರೆ ಸರಣಿಯೇ ಮುಗಿಯುತ್ತಿತ್ತು. ಬದಲಿ ಓಟಗಾರನಾಗಿ ಬಂದ ಡೇವ್ ರಾಬರ್ಟ್ಸ್, ಯಾಂಕೀಸ್ ಪಿಚರ್ ಮರಿಯಾನೊ ರಿವೇರಾ ಚೆಂಡೆಸೆಯುವ ಹೊತ್ತಿಗೆ ಮೊದಲ ಬೇಸಿನಿಂದ ಎರಡನೆಯದಕ್ಕೆ ಓಡಿ, ಕೂದಲೆಳೆಯ ಅಂತರದಲ್ಲಿ ಅದನ್ನು ಕದ್ದ. ಜೊತೆಗಾರ ಬಿಲ್ ಮ್ಯೂಲರ್ ಹೊಡೆತಕ್ಕೆ ಓಡಿ ಕೊನೆಯ ಬೇಸ್ ಸೇರಿ ಪಂದ್ಯ ಸಮ ಮಾಡಿದ. ಅಲ್ಲಿಂದ ಮುಂದೆ ಬಾಸ್ಟನ್ ಸತತ ಎಂಟು ಪಂದ್ಯ ಗೆದ್ದು ಚಾಂಪಿಯನ್ ಆಯಿತು. ಶುಲ್ಟ್ಸ್ ತಮ್ಮ ಮಂಗಗಳಲ್ಲಿ ಇನ್ನೊಂದನ್ನೂ ಕಂಡಿದ್ದರು: ಬಹುಮಾನಕ್ಕೆ ಮುಂಚೆ ಒಂದು ಸೂಚನೆ ತಪ್ಪದೆ ಬರುತ್ತದೆಂದು ಕಲಿತಮೇಲೆ ಡೋಪಮೈನ್ ಕೋಶಗಳು ಮಿಡಿಯುವುದು ಬಹುಮಾನಕ್ಕಲ್ಲ, ಆ ಸೂಚನೆಗೆ. ಮುಂದೇನಾಯಿತೆಂದು ತಿಳಿದಿರುವ ಬಾಸ್ಟನ್‌ನವರು ಆ ಓಟದ ದೃಶ್ಯವನ್ನು ಇಂದಿಗೂ ಹಾಕಿ ಹಾಕಿ ನೋಡುತ್ತಾರೆ.